ಹುಳ ನನ್ನ ಹಿಟ್ಟಿನದಲ್ಲ

ಮೊದಲಿಗೇ ಹೇಳಿಬಿಡುತ್ತೇನೆ. ಹುಳ ನನ್ನ ಹಿಟ್ಟಿನದಲ್ಲ, ಸಿಂಹಳದ ಕಾಡಿನದು. ಮನಗೂಳಿಯ ಸಂತೆಯಲ್ಲಿ, ಬಾಗೇವಾಡಿಯ ಬಸ್ ಸ್ಟ್ಯಾಂಡಿನಲ್ಲಿ, ಸಿಂದಗಿಯ ಬೀಗರ ಮನೆಯಲ್ಲಿ ಯಾರು ಏನೇ ಹೇಳಿಕೊಂಡು ತಿರುಗಲಿ, ನಡೆದದ್ದು ಇಷ್ಟೇ. "ಗೊಳಸಂಗಿ ಮುದುಕಿ ಲಂಕಾಕ್ಕ ಹುಳಾ ಬಿದ್ದ ಹಿಟ್ಟ ಒಯ್ದಿದ್ಳಂತ, ಅಲ್ಲಿ ಮಂದಿ ಆ ಹುಳಾನ ಗಾಜಿನ ಪೆಟಗ್ಯಾಗ ಇಟ್ಟಾರಂತ" ಎಂಬ ಮಾತು ಹೋದಲ್ಲೆಲ್ಲ ನನ್ನ ಕಿವಿಗೆ ಬೀಳುತ್ತಿದೆ. ಅದಕ್ಕೇ ಬರೆಯಲು ಕುಳಿತೆ. ನಾನು ಶಾಲೆ ಕಲಿತದ್ದು ಕಡಿಮೆ. ಕಾಗುಣಿತ ತಿದ್ದಿದವಳು ಮೊಮ್ಮಗಳು. ಮಾತು ಮಾತ್ರ ನನ್ನವೇ.

ಗೊಳಸಂಗಿ, ಹೊರಡುವ ಮೊದಲು

ಮೊಮ್ಮಗಳು ಸುಮಿತ್ರಾ ನನ್ನ ಹಿರಿಯ ಮಗನ ಮಗಳು. ಧಾರವಾಡದಲ್ಲಿ ಹುಳುಗಳ ಮೇಲೆ ಓದುತ್ತಾಳೆ. ಪಾತರಗಿತ್ತಿಯಂಥ ಚೆಂದದ ಹುಳ ಅಲ್ಲ. ಕೊಳೆತ ಎಲೆಯ ಕೆಳಗೆ ಹರಿದಾಡುವ, ಎಳ್ಳಿನ ಕಾಳಿಗಿಂತ ಸಣ್ಣ ಜೀರುಂಡೆ. ನಮ್ಮ ಕಡೆ ಅವು ಸಿಗುವುದಿಲ್ಲ. ಅವಕ್ಕೆ ಕಾಡು ಬೇಕು, ನಮ್ಮಲ್ಲಿ ಕಾಡೆಂದರೆ ಹಳ್ಳದ ದಂಡೆಯ ಜಾಲಿ. ಕೊಲಂಬೊದ ಮ್ಯೂಸಿಯಮ್ಮಿನ ಒಬ್ಬ ಡಾಕ್ಟರು ಈಕೆಗೆ ಸಿಂಹಳದ ಕಾಡಿನಲ್ಲಿ ಹುಡುಕಲು ಒಪ್ಪಿಗೆ ಕೊಟ್ಟರು.

ಮಗ ತಲೆ ಕೊಡವಿದ. ಮದುವೆಯಾಗದ ಹುಡುಗಿ, ಸಮುದ್ರ ದಾಟಿ, ಕಾಡಿನಲ್ಲಿ!

"ಅವ್ವ ಜೋಡಿ ಹೋದ್ರ ಕಳಸ್ತೇನಿ," ಎಂದ. ನಾನು ಹೋಗಲಿಕ್ಕಿಲ್ಲ ಎಂಬ ಧೈರ್ಯ ಅವನಿಗೆ.

"ಹೋಗ್ತೇನಿ ತಗೋ," ಎಂದೆ.

ಅವನ ಮುಖ ನೋಡಬೇಕಿತ್ತು. ಆದರೂ ಮಾತಿಗೊಂದು ಗಂಟು ಹಾಕಿದ. ಮುದ್ದೇಬಿಹಾಳದಿಂದ ಒಂದು ಸಂಬಂಧ ಬಂದಿತ್ತು. ಎಣ್ಣೆ ಗಾಣದ ಮನೆತನ, ಹುಡುಗ ತೆಪ್ಪಗಿರುವವನು, ಕೆಟ್ಟವನಲ್ಲ. "ಅಲ್ಲಿ ಹೋಗಿ ಇಲ್ಲೀತನಕ ಯಾರೂ ಕಾಣದಿದ್ದ ಒಂದ ಹುಳಾ ಹುಡಿಕಿ ಅದಕ ಹೆಸರಿಡು. ಆಮ್ಯಾಲೆ ನಿನಗೆಷ್ಟ ಬೇಕೋ ಅಷ್ಟ ಓದು, ನಾ ಕೇಳೂದಿಲ್ಲ. ಬರಿಗೈಲೆ ಬಂದಿ ಅಂದ್ರ ಮುದ್ದೇಬಿಹಾಳ," ಎಂದ. ಸುಮಿ ಆಗಲಿ ಎಂದಳು. ಹುಳುಗಳ ಮೇಲೆ ಅವಳಿಗೆ ಅಷ್ಟು ನಂಬಿಕೆ.

ನಾನು ಜೋಳದ ಹಿಟ್ಟಿನ ಚೀಲ, ಕಟಕ ರೊಟ್ಟಿಯ ಗಂಟು, ಶೇಂಗಾ ಹಿಂಡಿ, ಇಂಡಿ ಊರಿನ ಲಿಂಬೆಯ ಉಪ್ಪಿನಕಾಯಿ, ಹಿಟ್ಟು ನಾದುವ ಪರಾತ, ಹಂಚು, ಸಾಣಿಗೆ ಕಟ್ಟಿಕೊಂಡೆ. ಸಾಣಿಗೆ ಯಾಕೆ ಎಂದು ಸೊಸೆ ನಕ್ಕಳು. ಸಾಣಿಸದ ಹಿಟ್ಟಿನ ರೊಟ್ಟಿ ನಾನು ಗೊಳಸಂಗಿಯಲ್ಲೂ ತಿಂದಿಲ್ಲ; ಲಂಕೆಗೆ ಹೋದೆನೆಂದು ತಿನ್ನಬೇಕೇ?

ತಲೈಮನ್ನಾರ್

ರಾಮೇಶ್ವರದವರೆಗೆ ರೈಲು. ಗಾಡಿಯಲ್ಲಿದ್ದವರೆಲ್ಲ ನಾನು ತೀರ್ಥಕ್ಕೆ ಹೊರಟವಳೆಂದೇ ತಿಳಿದರು. ಒಬ್ಬಳಂತೂ ತನ್ನ ಹೆಸರಿನಲ್ಲೂ ಒಂದು ಮುಳುಗು ಹಾಕೆಂದು ಕೈ ಹಿಡಿದಳು. ಹುಳ ಹಿಡಿಯಲು ಹೊರಟಿದ್ದೇವೆಂದು ಹೇಳಿದೆ. ಮುಂದಿನ ಸ್ಟೇಷನ್ನಿನಲ್ಲಿ ಆಕೆ ಬೇರೆ ಡಬ್ಬಿಗೆ ಹೋದಳು.

ಅಲ್ಲಿಂದ ಹಡಗು. ಸಮುದ್ರದ ಬಗ್ಗೆ ನನಗೆ ಹೇಳುವುದೇನಿಲ್ಲ. ನೀರು, ಬಹಳ ನೀರು, ಕುಡಿಯಲು ಬಾರದ್ದು.

ಆಚೆ ದಂಡೆಯಲ್ಲಿ ಸುಂಕದ ಸಾಹೇಬ ನಮ್ಮ ಗಂಟು ಬಿಚ್ಚಿಸಿದ. ಆಗ ಬಂಗಾರ ಕದ್ದು ಸಾಗಿಸುವವರ ಕಾಟ ಬಹಳವಂತೆ. ಹಿಟ್ಟಿನ ಚೀಲ ನೋಡಿ ಅವನ ಹುಬ್ಬು ಮೇಲೇರಿತು. "ಪಿಟಿ?" ಎಂದು ಕೇಳಿದ. ಸೊಲ್ಲಾಪುರದ ಕಡೆಯವರು ಹಿಟ್ಟಿಗೆ ಪೀಠ ಎನ್ನುವುದಿಲ್ಲವೇ, ಅದೇ ಇರಬೇಕೆಂದು ನಾನು ತಲೆಯಾಡಿಸಿದೆ. ಅದೇ ಆಗಿತ್ತು. ಅವನು ಒಂದು ಕಬ್ಬಿಣದ ಸಲಾಕೆ ತೆಗೆದುಕೊಂಡು ಚೀಲದೊಳಗೆ ತಳದವರೆಗೆ ಚುಚ್ಚಿದ.

"ಏ ತಮ್ಮಾ, ಅದೇನ ಒಲಿ ಅಂತ ತಿಳದಿಯೇನ ಕೆದರಾಕ?" ಎಂದೆ.

"ಆಯಿ, ಸುಮ್ನಿರು," ಎಂದು ಸುಮಿ ಸೆರಗು ಜಗ್ಗಿದಳು. ಅವಳು ನನ್ನನ್ನು ಆಯಿ ಎಂದೇ ಕರೆಯುವುದು.

ಸಲಾಕೆಗೆ ಬಂಗಾರ ಹತ್ತಲಿಲ್ಲ, ಹುಳವೂ ಹತ್ತಲಿಲ್ಲ. ಇದನ್ನು ನೆನಪಿಡಿ. ಒಂದು ಸರಕಾರದ ಮನುಷ್ಯನೇ ತಳದವರೆಗೆ ಪರೀಕ್ಷೆ ಮಾಡಿದ ಹಿಟ್ಟು ಅದು.

ಆಮೇಲೆ ಸಾಣಿಗೆಯನ್ನು ಮುಖಕ್ಕೆ ಹಿಡಿದು ಅದರೊಳಗಿಂದ ನನ್ನನ್ನು ನೋಡಿ ನಕ್ಕ. ಕಟಕ ರೊಟ್ಟಿ ಮುರಿದು ಬಾಯಿಗಿಟ್ಟು "ಬಿಸ್ಕಿಟ್?" ಎಂದ. ರೊಟ್ಟಿ ಎಂದೆ. "ರೊಟಿ?" ಎಂದು ತಾನೂ ಅಂದು ಮತ್ತೊಂದು ತೆಗೆದುಕೊಂಡ. ಒಳ್ಳೆಯ ಮನುಷ್ಯ.

ಕೊಲಂಬೊ

ಮ್ಯೂಸಿಯಮ್ಮಿನ ಹಿತ್ತಿಲಲ್ಲಿ ಅತಿಥಿಗಳಿಗೆಂದು ಒಂದು ಕೋಣೆ, ಮುಂದೆ ಪಡಸಾಲೆ. ಅಲ್ಲಿಯೇ ನಮ್ಮ ಬಿಡಾರ. ಡಾಕ್ಟರು ಬಂದರು. ಹೆಸರು ಗುಣರತ್ನ, ತೆಳ್ಳನೆಯ ಮುದುಕರು, ಕನ್ನಡಕ ಮೂಗಿನ ತುದಿಗೆ. ಡಾಕ್ಟರು ಸಿಕ್ಕಿದ್ದಾರಲ್ಲ ಎಂದು ನಾನು ಮೊದಲು ಮೊಣಕಾಲು ನೋವು ಹೇಳಿಕೊಂಡೆ. ಸುಮಿ ನಾಚಿ ನೆಲ ನೋಡಿದಳು. ಅವರು ಹುಳುಗಳನ್ನಷ್ಟೇ ಬಲ್ಲ ಡಾಕ್ಟರಂತೆ. ಆದರೂ ಬಗ್ಗಿ ಮೊಣಕಾಲನ್ನು ಬೆರಳಿನಿಂದ ತಟ್ಟಿ, ಇಂಗ್ಲಿಷಿನಲ್ಲಿ ಏನೋ ಹೇಳಿದರು.

"ಆರು ಕಾಲಿದ್ರ ನಾ ನೋಡ್ತಿದ್ದೆ ಅಂತಾರ," ಎಂದಳು ಸುಮಿ.

ಇಂಥವರ ಜೊತೆ ನಡೆಯುತ್ತದೆ ಎಂದುಕೊಂಡೆ.

ಅಲ್ಲಿಯ ಮಂದಿ ಮೆತ್ತಗೆ ಮಾತಾಡುತ್ತಾರೆ. ಸಿಂದಗಿಯಲ್ಲಿ ಎರಡು ಹೆಂಗಸರು ಗುಟ್ಟು ಮಾತಾಡಿದರೆ ಓಣಿಗೇ ಗೊತ್ತಾಗುತ್ತದೆ. ಕೊಲಂಬೊದಲ್ಲಿ ಜಗಳವಾಡಿದರೂ ಪಕ್ಕದವನಿಗೆ ತಿಳಿಯುವುದಿಲ್ಲ. ಅಂಗಡಿಗೆ ಹೋಗಿ ಉಪ್ಪು ಕೇಳಿದೆ. ಅಂಗಡಿಯವನು ಹೆದರಿ ಒಳಗಿನಿಂದ ತನ್ನ ಅಣ್ಣನನ್ನು ಕರೆದುಕೊಂಡು ಬಂದ. ಹೌದು ಎನ್ನುವಾಗ ತಲೆ ಅಡ್ಡಡ್ಡ ತೂಗುತ್ತಾರೆ, ಇಲ್ಲ ಎನ್ನುವಾಗಲೂ ಹೆಚ್ಚುಕಡಿಮೆ ಹಾಗೆಯೇ. ತೆಂಗು ಹಾಕದ ಪದಾರ್ಥವಿಲ್ಲ. ರೊಟ್ಟಿ ಎಂದು ಕೊಟ್ಟದ್ದರಲ್ಲೂ ತೆಂಗು. ಅಕ್ಕಿಗೆ ಆಗ ಬರ. ವಾರದಲ್ಲಿ ಕೆಲವು ದಿನ ಹೋಟೆಲಿನಲ್ಲಿ ಅನ್ನ ಬಡಿಸಬಾರದೆಂದು ಸರಕಾರದ ಆಜ್ಞೆ. ಊಟದ ತಾಟು ನೋಡಿ ಅಳುಮೋರೆ ಮಾಡುವ ಗಂಡಸರನ್ನು ಅಲ್ಲಿ ಕಂಡೆ. ನನಗೇನು, ನನ್ನ ಚೀಲ ನನ್ನ ಹತ್ತಿರವಿತ್ತು.

ರತ್ನಪುರದಾಚೆಯ ಕಾಡು

ನಮ್ಮ ತಾಲ್ಲೂಕಿನ ಒಂದು ವರ್ಷದ ಮಳೆ ಅಲ್ಲಿ ಬೆಳಗಿನ ಚಹಾದಿಂದ ಮಧ್ಯಾಹ್ನದ ಊಟದೊಳಗೆ ಸುರಿದು ಮುಗಿಯುತ್ತದೆ. ಊಟವಾದ ಮೇಲೆ ಮತ್ತೆ ಶುರು. ಒಣಹಾಕಿದ ಸೀರೆ ಒಣಗಲಿಲ್ಲ. ಹಸಿಯನ್ನೇ ಉಟ್ಟು ಮೈಮೇಲೆ ಒಣಗಿಸಿಕೊಂಡೆ. ಅರಣ್ಯ ಇಲಾಖೆಯ ಬಂಗಲೆಯಲ್ಲಿ ವಾಸ. ಕಾವಲುಗಾರ ಬಂಡಾ ನಮಗೆ ದಾರಿ ತೋರಿಸುವವನು. ಲುಂಗಿ ಉಟ್ಟು, ಬಾಯಿ ತುಂಬ ಎಲೆಯಡಿಕೆ ಹಾಕಿಕೊಂಡು, ಜಾರುವ ಕಲ್ಲಿನ ಮೇಲೆ ಬರಿಗಾಲಿನಲ್ಲಿ ಓಡುತ್ತಿದ್ದ ಗಟ್ಟಿ ಆಳು. ಅವನ ಭಾಷೆಯಲ್ಲಿ ಅಜ್ಜಿಗೆ ಆಚ್ಚಿ. ಆಚ್ಚಿ ಎಂದು ಅವನು ಕೂಗಿದರೆ ಆಯಿ ಎಂದಂತೆಯೇ ಕೇಳಿಸಿ ನಾನು ಓಗೊಡುತ್ತಿದ್ದೆ. ಅವನಿಗೆ ತಮಿಳು ಸ್ವಲ್ಪ, ಸುಮಿಗೂ ಸ್ವಲ್ಪ, ಉಳಿದದ್ದು ಕೈಸನ್ನೆ.

ಜಿಗಣೆಗಳ ಮಾತು ಹೇಳಬೇಕು. ನಿಂತಲ್ಲಿ ಕಾಲಿಗೆ ಏರುತ್ತವೆ, ಕುಡಿದು ದಪ್ಪಗಾಗಿ ತಾವೇ ಬೀಳುತ್ತವೆ. ಕಡಿದದ್ದೂ ತಿಳಿಯುವುದಿಲ್ಲ. ಬಂಡಾ ಸಾಬೂನು ತಿಕ್ಕಿಕೊಳ್ಳಲು ಕೊಟ್ಟ. ಸಾಬೂನಿಗಿಂತ ಉಪ್ಪು, ಹುಳಿ ಜಬರು ಎಂದು ನಾನು ಲಿಂಬೆಯ ಉಪ್ಪಿನಕಾಯಿಯ ರಸ ಕಾಲಿಗೆ ಸವರಿಕೊಂಡೆ. ಬಂಡಾ ಮೂಸಿದ, ಬೆರಳು ಅದ್ದಿ ನೆಕ್ಕಿದ, ಕಣ್ಣು ಮುಚ್ಚಿದ. ಆಮೇಲೆ ಭರಣಿ ನನ್ನ ಕೈಯಿಂದ ಕಸಿದುಕೊಂಡು ಸಾಬೂನಿನ ಬಿಲ್ಲೆ ಕೈಗಿಟ್ಟ. ಅಂದಿನಿಂದ ಇಂಡಿಯ ಲಿಂಬೆ ಬಂಡಾನ ಹೊಟ್ಟೆಗೆ, ಸಾಬೂನು ನನ್ನ ಕಾಲಿಗೆ.

ಸುಮಿಯ ಕೆಲಸ ನೋಡಿದರೆ ಯಾರೂ ಅದನ್ನು ಓದು ಎನ್ನಲಾರರು. ಕೊಳೆತ ಎಲೆಯನ್ನು ಬಾಚಿ ಚೀಲಕ್ಕೆ ತುಂಬುವುದು. ತಂದು ಜರಡಿಯಲ್ಲಿ ಹಾಕಿ ಬಿಳಿ ಧೋತರದ ಮೇಲೆ ಅಲುಗಿಸುವುದು. ಉದುರಿದ ಪುಡಿಯ ಮುಂದೆ ಬೋರಲು ಮಲಗಿ, ಏನಾದರೂ ಹರಿದಾಡಿದರೆ ಒಂದು ಸಣ್ಣ ನಳಿಗೆಯಿಂದ ಬಾಯಲ್ಲಿ ಎಳೆದು ಶೀಶೆಗೆ ಬೀಳಿಸುವುದು. ಬಾಯಲ್ಲಿ!

"ಅಯ್ಯ ಹುಚ್ಚಿ, ಹುಳಾ ಬಾಯಾಗ ಬರೂದಿಲ್ಲೇನ?"

"ನಳಿಗಿ ನಡುವ ಅರಿವಿ ಕಟ್ಟೇನಿ ಆಯಿ."

"ಮುದ್ದೇಬಿಹಾಳದವ್ರ ಮುಂದ ಮಾತ್ರ ಇದನ್ನ ಮಾಡಿ ತೋರಸಬ್ಯಾಡ."

"ತೋರಿಸಿದ್ರ ಚೊಲೊ ಆಕ್ಕೈತಿ. ಅವರ ಬ್ಯಾಡ ಅಂತಾರ."

ಹುಳುಗಳು ಬಹಳ ಸಿಕ್ಕವು. ಆದರೆ ಎಲ್ಲವೂ ಪುಸ್ತಕದಲ್ಲಿ ಮೊದಲೇ ಹೆಸರಿದ್ದವು. ಶೀಶೆ ನೋಡುವಳು, ಪುಸ್ತಕ ನೋಡುವಳು, ಶೀಶೆ ಪಕ್ಕಕ್ಕಿಡುವಳು. ಮಧ್ಯೆ ಒಂದು ದಿನ ಹಳ್ಳ ಉಕ್ಕಿ ಅವಳ ಜರಡಿ ತೇಲಿಕೊಂಡು ಹೋಯಿತು.

ಅದರ ಮರುದಿನವೇ ನಾನು ನೋಡೋಣವೆಂದು ಅವರ ಜೊತೆ ಕಾಡಿಗೆ ಇಳಿದೆ. ಪಾಚಿ ಹಿಡಿದ ಇಳುಕಲಿನಲ್ಲಿ ಕಾಲು ಜಾರಿತು. ಒಂದು ಬಿದ್ದ ಮರದ ಬುಡದವರೆಗೆ ಕುಳಿತುಕೊಂಡೇ ಹೋದೆ. ಆ ಗುಡ್ಡಕ್ಕೂ ಅದನ್ನು ಹಡೆದವರಿಗೂ ಏನೇನು ಅಂದೆನೋ, ಸುಮಿ ಬಂಡಾನಿಗೆ ತಿಳಿಸಿ ಹೇಳಲಿಲ್ಲ. ಅವನಿಗೆ ತಿಳಿಸುವುದು ಬೇಕಿರಲಿಲ್ಲ. ಗಿಡ ಹಿಡಿದುಕೊಂಡು ನಗುತ್ತಿದ್ದ. ನಾನು ದಣಿವಾರಿಸಿಕೊಳ್ಳುವ ತನಕ ಸುಮ್ಮನೆ ಯಾಕೆ ನಿಲ್ಲುವುದೆಂದು ಸುಮಿ ಅಲ್ಲಿಯದೇ ಎಲೆ ಒಂದು ಚೀಲ ತುಂಬಿಕೊಂಡಳು.

ಪರಾತದಲ್ಲಿ ಕಂಡದ್ದು

ಮರುದಿನ ರೊಟ್ಟಿ ಮಾಡಲು ಕುಳಿತೆ. ಎಸರು ಕುದಿಯಲಿಕ್ಕಿಟ್ಟು ಪರಾತದಲ್ಲಿ ಹಿಟ್ಟು ಸಾಣಿಸಿದೆ. ಬೆಳ್ಳಗಿನ ಹಿಟ್ಟಿನ ಮೇಲೆ ಒಂದು ಕೆಂಪು ಚುಕ್ಕೆ ನಡೆಯುತ್ತಿತ್ತು.

"ಸುಮೀ! ನಿನ್ನ ಹುಳಾ ನನ್ನ ಹಿಟ್ಟಿನ್ಯಾಗ ಬಂದೈತಿ, ತಗೊಂಡ ಹೋಗು!"

ಆ ಮಾತನ್ನೂ ನೆನಪಿಡಿ. ಆ ಕ್ಷಣದಲ್ಲೇ ನಾನು ನಿನ್ನ ಹುಳ ಎಂದಿದ್ದೆ.

ಓಡಿ ಬಂದಳು. ಅವಳ ಮುಖದ ಬಣ್ಣ ಬದಲಾಯಿತು. ನನ್ನ ಕಣ್ಣು ಸಾಣಿಗೆಯ ಅಂಚಿಗೆ ಹೋಯಿತು. ಅಂಚಿನ ಸಂದಿಯಲ್ಲಿ ಒಂದು ಎಲೆಯ ಚೂರು ಸಿಕ್ಕಿಕೊಂಡಿತ್ತು.

"ನನ್ನ ಸಾಣಿಗಿಲೆ ಕಸಾ ಸಾಣಿಸಿದ್ಯಾ?"

"ನನ್ನ ಜರಡಿ ಹೋಗಿತ್ತಲ್ಲ ಆಯಿ. ತೊಳದಿಟ್ಟಿದ್ದೆ."

"ಏನ ತೊಳದೀ! ಊಟಾ ಮಾಡೂ ಸಾಣಿಗಿ ಅದು! ನಾಚಿಗಿ ಬರಬೇಕ ನಿನಗ. ನಿಮ್ಮಪ್ಪ ಇದಕ ಸಾಲಿ ಕಲಿಸಿದ್ನೇನ?"

ಅವಳಿಗೆ ಏನೂ ಕೇಳಿಸುತ್ತಿರಲಿಲ್ಲ. ಹುಳವನ್ನು ಶೀಶೆಗೆ ಹಾಕಿಕೊಂಡು ಭೂತಗನ್ನಡಿಯಲ್ಲಿ ಬಹಳ ಹೊತ್ತು ನೋಡಿದಳು. ಪುಸ್ತಕದ ಹಾಳೆ ತಿರುವಿದಳು, ಮತ್ತೆ ನೋಡಿದಳು. ಕೊನೆಗೆ ಮೆತ್ತಗೆ, "ಆಯಿ, ಇದು ಯಾವುದೂ ಅಲ್ಲ," ಎಂದಳು. ಯಾವುದೂ ಅಲ್ಲ ಎಂದರೆ ಇಲ್ಲಿಯವರೆಗೆ ಹೆಸರಿಲ್ಲದ್ದು. ಅವಳಿಗೆ ಬೇಕಾದದ್ದು ಅದೇ.

ನಾನು ಸಾಣಿಗೆಯನ್ನು ಬೂದಿ ಹಚ್ಚಿ ತಿಕ್ಕಿದೆ. ಆ ದಿನದ ಹಿಟ್ಟನ್ನು ಕೋಳಿಗಳಿಗೆ ಚೆಲ್ಲಿದೆ.

ಮತ್ತೆ ಕೊಲಂಬೊ

ಸುಮಿ ಹುಳವನ್ನು ಒಂದು ಕಾಗದದ ಮೊನೆಗೆ ಅಂಟಿಸಿ, ಮದುಮಗಳನ್ನು ಕರೆತಂದಂತೆ ಡಬ್ಬಿಯಲ್ಲಿ ತಂದಿದ್ದಳು. ಡಾಕ್ಟರು ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿದರು. ಹ್ಞೂಂ ಎಂದರು. ಮತ್ತೊಮ್ಮೆ ಹ್ಞೂಂ ಎಂದರು, ಎರಡನೆಯದರ ದನಿ ಚೊಲೊ ಇರಲಿಲ್ಲ. ಏನೋ ಕೇಳಿದರು, ಸುಮಿ ತಡವರಿಸಿದಳು.

ನನಗೂ ನೋಡುವ ಆಸೆಯಾಯಿತು. ಒಂದು ಕಣ್ಣು ಮುಚ್ಚಿ ಬಗ್ಗಿದೆ. ಅಬ್ಬಬ್ಬಾ! ಎಳ್ಳಿನಷ್ಟಿದ್ದದ್ದು ಎಮ್ಮೆಯಷ್ಟಾಗಿ ನಿಂತಿತ್ತು. ಕೆಂಪು ಮೈ, ಗದೆಯಂಥ ಮೀಸೆ, ಬೆನ್ನ ಮೇಲೆ ಕೂದಲು. ಕೂದಲಿನಲ್ಲಿ ಬೆಳ್ಳಗಿನ ಹರಳುಗಳು ಹೊಳೆಯುತ್ತಿದ್ದವು. ಪರದೇಶದಲ್ಲಿ ನಮ್ಮೂರವರನ್ನು ಕಂಡಷ್ಟು ಸಂತೋಷವಾಯಿತು.

"ಇದು ನಮ್ಮ ಜ್ವಾಳದ ಹಿಟ್ಟಲ್ಲೇನ!" ಎಂದು ಗಟ್ಟಿಯಾಗಿ ಹೇಳಿದೆ. ಡಾಕ್ಟರು ನನ್ನತ್ತ ತಿರುಗಿದರು. ತಿಳಿಯಲಿಕ್ಕಿಲ್ಲವೆಂದು ಎರಡೂ ಕೈಯಿಂದ ರೊಟ್ಟಿ ಬಡಿದು ತೋರಿಸಿದೆ. "ಪಿಟಿ! ಪಿಟಿ!"

ಸುಮಿ ಹಣೆ ಹಿಡಿದುಕೊಂಡು ಕುಳಿತಳು.

ಆಗ ಅವಳು ಎಲ್ಲ ಹೇಳಲೇಬೇಕಾಯಿತು, ಸಾಣಿಗೆ, ಪರಾತ ಎಲ್ಲ. ಡಾಕ್ಟರು ಕನ್ನಡಕ ತೆಗೆದು ಒರೆಸಿದರು. ಅವರು ಸಿಟ್ಟಾಗಲಿಲ್ಲ, ಅದೇ ಹೆಚ್ಚು ಕಷ್ಟದ್ದು. ಸುಮಿ ನನಗೆ ಬಿಡಿಸಿ ಹೇಳಿದಳು.

"ಹೊಸಾದು ಹೌದು ಅಂತಾರ. ಆದರ ಎಲ್ಲೀದು ಅನ್ನೂದ ಗೊತ್ತಿಲ್ಲಲ್ಲ. ಹುಳಾ ಹ್ಯಾಂಗೈತಿ ಅನ್ನೂದ ಅರ್ಧಾ, ಎಲ್ಲಿ ಇರತೈತಿ ಅನ್ನೂದ ಇನ್ನರ್ಧಾ. ಇದು ಹಿಟ್ಟಿನ್ಯಾಗ ಸಿಕ್ಕೈತಿ. ಹಿಟ್ಟು ಇಂಡಿಯಾದಿಂದ ಬಂದೈತಿ. ಈ ಕಾಡಿಂದು ಅಂತ ಹ್ಯಾಂಗ ಬರೀಲಿ ಅಂತಾರ."

"ಅಂದ್ರ?"

"ಅಂದ್ರ... ನಿನ್ನ ಹಿಟ್ಟಿನ್ಯಾಗ ಇದ್ದಿರಬಹುದು ಅಂತಾರ, ಆಯಿ."

ಮೂರು ಸೊಸೆಯರನ್ನು ಆಳಿದವಳು ನಾನು. ಮೋರಟಗಿಯ ನನ್ನ ತವರಿನಲ್ಲಿ ನನ್ನ ಅವ್ವ ಒಂದು ನುಸಿ ಕಂಡರೆ ಇಡೀ ಮೂಟೆ ಬಿಸಿಲಿಗೆ ಹರವಿಸುತ್ತಿದ್ದಳು. ನಮ್ಮ ಕಡೆ ಹೆಂಗಸಿನ ಬಣ್ಣ ಕಪ್ಪು ಎನ್ನಿ, ಮೂಗು ಮೊಂಡ ಎನ್ನಿ, ನಡೆಯುತ್ತದೆ. ನಿನ್ನ ಹಿಟ್ಟಿನಲ್ಲಿ ಹುಳ ಎನ್ನುವುದು ಮಾತ್ರ ನಡೆಯುವುದಿಲ್ಲ.

"ಅವರಿಗೆ ಹೇಳು, ಸುಂಕದ ಸಾಹೇಬ ಸಲಾಕಿ ಹಾಕಿ ನೋಡ್ಯಾನ ಅಂತ."

ಹೇಳಿದಳು. ಡಾಕ್ಟರು ಮರ್ಯಾದೆಯಿಂದ ತಲೆ ತೂಗಿದರು, ಹೌದೋ ಇಲ್ಲವೋ ತಿಳಿಯಲಿಲ್ಲ. ಕಾಡಿನಲ್ಲೇ, ಎಲೆಯಲ್ಲೇ, ಇಂಥದೇ ಇನ್ನೊಂದು ಸಿಕ್ಕರೆ ಬರೆಯಬಹುದು ಎಂದರು. ಸಿಗದಿದ್ದರೆ ಇದು ಡಬ್ಬಿಯಲ್ಲಿ ಹೆಸರಿಲ್ಲದೆ ಇರುತ್ತದೆ.

ನಮ್ಮ ಹಡಗಿನ ದಿನ ಹತ್ತಿರ ಬಂದಿತ್ತು. ನಾನು ಕೋಣೆಗೆ ಹೋಗಿ ಹಿಟ್ಟಿನ ಚೀಲ ಹೊತ್ತುಕೊಂಡು ಬಂದೆ. ಚೀಲದ ಬಾಯಿಗೆ ನನ್ನದೇ ಗಂಟು ಹಾಕಿದ್ದೆ. ಅದನ್ನು ಬಿಚ್ಚಿ ಮತ್ತೆ ಹಾಗೆಯೇ ಹಾಕುವವರು ಇನ್ನೂ ಹುಟ್ಟಿಲ್ಲ. ಪರಾತ, ಸಾಣಿಗೆ, ಉಳಿದ ಕಟಕ ರೊಟ್ಟಿ, ಎಲ್ಲ ಅವರ ಮೇಜಿನ ಮೇಲಿಟ್ಟೆ.

"ಇವು ನಿಮ್ಮ ಕಪಾಟಿನ್ಯಾಗ ಇರ್ಲಿ, ಕೀಲಿ ಹಾಕ್ರಿ. ನಾವ ಬರಿಗೈಲೆ ಕಾಡಿಗೆ ಹೋಗ್ತೇವಿ. ಈಗ ಹುಳಾ ಸಿಕ್ರ ಏನಂತೀರಿ ನೋಡೂನು."

ಸುಮಿ ಇಂಗ್ಲಿಷಿಗೆ ತಿರುಗಿಸುವ ಮೊದಲೇ ಅವರು ಎದ್ದು ಕಪಾಟು ತೆರೆದರು. ಒಳಗೆ ಸಾಲುಸಾಲಾಗಿ ಸತ್ತ ಜೀರುಂಡೆಗಳು. ಅವುಗಳ ಪಕ್ಕಕ್ಕೇ ನನ್ನ ಹಿಟ್ಟು.

ಮತ್ತೆ ಕಾಡು, ರೊಟ್ಟಿಯಿಲ್ಲದೆ

ಬಜಾರಿನಲ್ಲಿ ಹೊಸ ಜರಡಿ ಕೊಂಡೆವು. ಊಟಕ್ಕೆ ಮರಗೆಣಸು, ಹಲಸಿನಕಾಯಿ, ಸಿಕ್ಕಾಗ ಅನ್ನ. ಹೊಟ್ಟೆ ತುಂಬುತ್ತದೆ, ಊಟ ಮಾಡಿದಂತಾಗುವುದಿಲ್ಲ. ಉಪ್ಪಿನಕಾಯಿಯ ಭರಣಿಯನ್ನು ಬಂಡಾ ಆಗಲೇ ಖಾಲಿ ಮಾಡಿದ್ದ.

ಸುಮಿ ಬಂಗಲೆಯ ಸುತ್ತ, ಹಳ್ಳದ ಎರಡೂ ದಂಡೆ, ಮೊದಲು ಹೋದಲ್ಲೆಲ್ಲ ಹೋಗಿ ಎಲೆ ಬಾಚಿದಳು. ಯಾವ ಚೀಲದ ಎಲೆಯಿಂದ ಆ ಹುಳ ನನ್ನ ಸಾಣಿಗೆಗೆ ಹತ್ತಿತ್ತೋ ಅವಳಿಗೆ ತಿಳಿಯದು. ಅಂದು ಬಹಳ ಚೀಲ ಸಾಣಿಸಿದ್ದಳು. ಮಳೆ ಬಿಡಲಿಲ್ಲ. ಹಳೆಯ ಹೆಸರಿನ ಹುಳುಗಳೇ ಮತ್ತೆ ಮತ್ತೆ ಬಂದವು. ನಾಳೆ ಹೊರಡಬೇಕು ಎನ್ನುವ ದಿನ ಬಂಗಲೆಯ ಮೆಟ್ಟಿಲ ಮೇಲೆ ಕುಳಿತು ಜರಡಿ ಕೆಳಗಿಟ್ಟಳು.

"ಮುದ್ದೇಬಿಹಾಳದವ್ರಿಗೆ ಬರ್ರಿ ಅಂತ ಪತ್ರಾ ಬರಿಯಾಕ ಅಪ್ಪಗ ತಿಳಸ್ತೇನಿ ಆಯಿ."

ನನಗೆ ಸಮಾಧಾನ ಹೇಳಲು ಬರುವುದಿಲ್ಲ. "ತಿಳಸವಾ. ಗಾಣದ ಮನಿ, ಎಣ್ಣಿಗೇನ ಕಮ್ಮಿಲ್ಲ," ಎಂದೆ. "ಆದರ ನನ್ನ ಹಿಟ್ಟಿಗೆ ಹತ್ತಿದ ಮಾತ ಯಾರ ತೊಳೀಬೇಕು? ಅದನ್ನ ತೊಳದು ಬೇಕಾದಲ್ಲಿ ಲಗ್ನಾ ಮಾಡ್ಕೊ."

"ನಿನಗ ನಿನ್ನ ಹಿಟ್ಟಿಂದ ಚಿಂತಿ!"

"ಮತ್ತ ನಿನ್ನ ಹುಳದ್ದ ಚಿಂತಿ ನಾ ಮಾಡ್ಲೇನ? ಅದು ನಿಂದು."

ಬಂಡಾ ಕಂಬಕ್ಕೆ ಒರಗಿ ಕೇಳುತ್ತಿದ್ದ. ಜಗಳ ಯಾಕೆಂದು ಸುಮಿಗೆ ತಮಿಳಿನಲ್ಲಿ ಕೇಳಿದ. ಅವಳು ಕೈಸನ್ನೆ ಸೇರಿಸಿ ಹೇಳಿದಳು: ಮುದುಕಿಗೆ ಸಿಟ್ಟು ಬಂದಿದೆ. ಮುದುಕಿಯನ್ನು ನಗಿಸಬೇಕೆಂದು ಅವನಿಗೆ ಅನಿಸಿರಬೇಕು. ಲುಂಗಿಯನ್ನು ನನ್ನ ಸೀರೆಯ ಹಾಗೆ ಹಿಡಿದುಕೊಂಡು, ಸೊಂಟ ಬಗ್ಗಿಸಿ ನಾಲ್ಕು ಹೆಜ್ಜೆ ನಡೆದು, "ಆಚ್ಚಿ... ಧಡಾಂ!" ಎಂದು ಅಂಗಳದ ಕೆಸರಿನಲ್ಲಿ ಕುಳಿತು ಜಾರಿದ. ಆಮೇಲೆ ಕೈ ಎತ್ತಿ ಗುಡ್ಡಕ್ಕೆ ಬೈದ. ಕನ್ನಡದಲ್ಲೇ ಬೈದ. ನನ್ನ ಮಾತುಗಳನ್ನು ಒಂದೂ ಬಿಡದೆ ಕಲಿತಿದ್ದ ಭಾಡ್ಯಾ.

ನನಗೆ ನಗು ಬರಲಿಲ್ಲ. ಸುಮಿ ಎದ್ದು ನಿಂತಳು.

"ಆಯಿ, ನೀ ಬಿದ್ದಲ್ಲೆ! ಅಲ್ಲಿ ಎಲಿ ತುಂಬಿಕೊಂಡಿದ್ದೆ. ಅಲ್ಲಿಗೆ ಮತ್ತ ಹೋಗೇ ಇಲ್ಲ ನಾವು!"

ಹೋದೆವು. ಈ ಸಲ ಬಂಡಾ ನನ್ನ ತೋಳು ಹಿಡಿದಿದ್ದ. ಬಿದ್ದ ಮರ ಅಲ್ಲೇ ಇತ್ತು. ನಾನು ಜಾರಿದ ಗೆರೆಯನ್ನು ಮಳೆ ಅಳಿಸಿರಲಿಲ್ಲ. ಸುಮಿ ಮರದ ಬುಡದ ಎಲೆಯನ್ನು ಅಲ್ಲೇ ಧೋತರದ ಮೇಲೆ ಅಲುಗಿಸಿದಳು. ನಾನು ಛತ್ರಿ ಹಿಡಿದಿದ್ದೆ, ಕೈ ಸೋತಿತ್ತು, ಲಗೂ ಮುಗಿಸೆಂದು ಗದರಿಸುತ್ತಿದ್ದೆ. ಅವಳು ಬೋರಲು ಮಲಗಿದವಳು ಹಾಗೇ ಇದ್ದಳು. ಉಸಿರಾಡುತ್ತಾಳೋ ಇಲ್ಲವೋ ಎಂದು ಬಗ್ಗಿ ನೋಡಿದೆ. ಧೋತರದ ಮೇಲೆ ಕೆಂಪು ಚುಕ್ಕೆ ನಡೆಯುತ್ತಿತ್ತು. ಅದರ ಹಿಂದೆ ಮತ್ತೊಂದು.

ಅವಳು ಅಳಲಿಲ್ಲ, ಕುಣಿಯಲಿಲ್ಲ. ನಳಿಗೆ ಬಾಯಿಗಿಟ್ಟು ಎಳೆದಳು. ಈ ಸಲ ಬಾಯಿಯ ವಿಷಯ ನಾನು ಏನೂ ಅನ್ನಲಿಲ್ಲ.

ಕೊಲಂಬೊ, ಮೂರನೆಯ ಸಲ

ಡಾಕ್ಟರು ಹಳೆಯದನ್ನೂ ಹೊಸದನ್ನೂ ಪಕ್ಕಪಕ್ಕ ಇಟ್ಟು ನೋಡಿದರು. ಹ್ಞೂಂ ಎಂದರು. ಈ ಹ್ಞೂಂ ಬೇರೆ ಇತ್ತು. ಆಮೇಲೆ ಎದ್ದು ನನ್ನೆದುರಿಗೆ ಬಂದು ಕೈಮುಗಿದರು. ಹಿಟ್ಟಿನ ಮೇಲಿನ ಆರೋಪ ಹಿಂದೆ ತೆಗೆದುಕೊಂಡಿದ್ದಾರೆ ಎಂದಳು ಸುಮಿ. ತೆಗೆದುಕೊಳ್ಳಲಿ.

ಹುಳುವಿನ ವರ್ಣನೆ ಬರೆಯುವುದು ಎಂದರೆ ಏನೆಂದು ಅಂದು ಕಂಡೆ. ಬಣ್ಣ ಹೇಗೆ, ಸೊಂಟ ಎಷ್ಟು ಸಣ್ಣ, ಮೀಸೆಗೆ ಎಷ್ಟು ಗಂಟು, ಯಾವ ಕಾಲಿನಲ್ಲಿ ಎಂಥ ಕೂದಲು. ಕನ್ಯೆ ನೋಡಲು ಬಂದ ಬೀಗಿತ್ತಿಯರೂ ಇಷ್ಟು ಹೊರಳಾಡಿಸಿ ನೋಡುವುದಿಲ್ಲ. ಇದಕ್ಕೆ ರೆಕ್ಕೆಯೂ ಇಲ್ಲವಂತೆ. ಆ ಕಣಿವೆ ಬಿಟ್ಟು ಎಲ್ಲಿಗೂ ಹೋಗುವ ಜೀವವಲ್ಲ. ಅಂಥದ್ದನ್ನು ಗೊಳಸಂಗಿಯಿಂದ ಬಂದಿದೆ ಎಂದಿದ್ದರು!

ಹೆಸರಿನ ಮಾತು ಬಂತು. ಕಂಡುಹಿಡಿದವರು ತಮ್ಮ ಹೆಸರನ್ನೇ ಇಟ್ಟುಕೊಳ್ಳುವುದು ಮರ್ಯಾದೆಯಲ್ಲವಂತೆ. ಸರಿಯೇ. ನಮ್ಮಲ್ಲೂ ಹೆಸರಿಟ್ಟ ಸೋದರತ್ತೆ ತನ್ನ ಹೆಸರನ್ನೇ ಇಡುವುದಿಲ್ಲ.

"ಆಯಿ, ನಿನ್ನ ಹೆಸರ ಇಡ್ಲಿ?" ಎಂದಳು ಸುಮಿ.

"ಏ, ಬ್ಯಾಡ! ನನ್ನ ಹೆಸರ ಇಟ್ರ ಮತ್ತ ಹಿಟ್ಟಿನ ಹುಳಾ ಅಂತಾರ. ಬಂಡಾಂದ ಇಡು. ಕೆಸರಾಗ ಬಿದ್ದಾಂವ ಅಂವ."

ಹಾಗೇ ಆಯಿತು. ಬಂಡಾನ ಹೆಸರಿಗೆ ಅವರ ಶಾಸ್ತ್ರದ ಬಾಲ ಹಚ್ಚಿ 'ಬಂಡಾಯಿ' ಎಂದು ಮಾಡಿದರು. ಡಾಕ್ಟರು ಓದಿ ಹೇಳಿದಾಗ ಕೊನೆಗೆ ಆಯಿ ಎಂದು ಕೇಳಿಸಿತು. ಸುಮಿ ನಕ್ಕಳು, ನಾನು ಕೇಳಿಸದಂತಿದ್ದೆ. ನಮ್ಮಲ್ಲಿ ತೊಟ್ಟಿಲ ಕಾರ್ಯದಲ್ಲಿ ಸೋದರತ್ತೆ ಕೂಸಿನ ಕಿವಿಯಲ್ಲಿ ಕುರ್‍ರ್ ಎಂದು ಹೆಸರು ಹೇಳಿದೊಡನೆ ಹೆಂಗಸರೆಲ್ಲ ಆಕೆಯ ಬೆನ್ನಿಗೆ ಗುದ್ದುತ್ತೇವೆ. ಶಾಸ್ತ್ರ ಬಿಡಬಾರದೆಂದು ನಾನು ಸುಮಿಯ ಬೆನ್ನಿಗೆ ಗಟ್ಟಿಯಾಗಿ ಒಂದು ಗುದ್ದಿದೆ. ಡಾಕ್ಟರು ಗಾಬರಿಯಾಗಿ ಡಬ್ಬಿಗೆ ಕೈ ಅಡ್ಡ ಹಿಡಿದರು.

ಆಮೇಲೆ ಅವರು ಸಣ್ಣ ಚೀಟಿಯಲ್ಲಿ ಹೆಸರು ಬರೆದರು. ಬಂಡಾಯಿಯ ಮುಂದೆ ಇನ್ನೊಂದು ಶಬ್ದ ಬರೆದರು.

"ಅದೇನ ಬರದ್ರು?"

"ನನ್ನ ಅಡ್ಡಹೆಸರು. ಯಾರು ವರ್ಣನೆ ಬರದಾರೋ ಅವರ ಅಡ್ಡಹೆಸರು ಹುಳುವಿನ ಹೆಸರಿನ ಮುಂದ ಇರ್ತೈತಿ. ಎಂದೂ ಅಳಸೂದಿಲ್ಲ."

ಲಗ್ನದಲ್ಲಿ ಕೊಟ್ಟ ತಾಮ್ರದ ಕೊಡದ ಮೇಲೆ ಕೊಟ್ಟವರ ಹೆಸರು ಕೊರೆಸುತ್ತಾರಲ್ಲ, ಹಾಗೆ ಎಂದು ತಿಳಿಯಿತು. ಒಳ್ಳೆಯದೇ. ಆಮೇಲೆ ಹೊಳೆಯಿತು. ನಮ್ಮ ಕಡೆ ಊರೇ ಅಡ್ಡಹೆಸರು.

"ಅಂದ್ರ ಬಂಡಾಯಿ ಗೊಳಸಂಗಿ ಅಂತ ಬರದಾರೇನ?"

"ಹೂಂ."

"ಅಯ್ಯ ನಿನ್ನ! ಓದಿದವ್ರು ಹುಳಾ ಗೊಳಸಂಗೀದು ಅಂತ ತಿಳಕೋತಾರಲ್ಲ! ಇಷ್ಟ ದಿನಾ ನಾ ರೊಟ್ಟಿ ಬಿಟ್ಟಿದ್ದ ಯಾತಕ?"

ಸುಮಿ ಅದನ್ನು ಇಂಗ್ಲಿಷಿನಲ್ಲಿ ಹೇಳಿದಳು. ಡಾಕ್ಟರು ನಕ್ಕ ರಭಸಕ್ಕೆ ಕನ್ನಡಕ ಮೇಜಿನ ಮೇಲೆ ಬಿತ್ತು.

"ಸುಮ್ನಿರು ಆಯಿ," ಎಂದಳು ಸುಮಿ, ಕಣ್ಣು ಒರೆಸಿಕೊಳ್ಳುತ್ತ. "ಮೊದಲ ಲಗ್ನಾ ಆಗಿ ಬಂದಿದ್ರ ಬಂಡಾಯಿ ಮುದ್ದೇಬಿಹಾಳ ಆಗ್ತಿತ್ತು."

ಅದಕ್ಕಿಂತ ಇದು ವಾಸಿ ಎಂದು ಒಪ್ಪಿಕೊಂಡೆ. ಡಾಕ್ಟರು ಕಪಾಟಿನ ಕೀಲಿ ತೆಗೆದು ನನ್ನ ಸಾಮಾನು ಕೊಟ್ಟರು. ಗಂಟು ನಾನು ಹಾಕಿದಂತೆಯೇ ಇತ್ತು. ಬೆಳಿಗ್ಗೆ ರೊಟ್ಟಿ ತಿನ್ನಲು ಬರಬೇಕೆಂದು ಅವರಿಗೆ ಹೇಳಿದೆ.

ಮರುದಿನ ಬೆಳಿಗ್ಗೆ ಎದ್ದು ಪಡಸಾಲೆಯಲ್ಲಿ ಒಲೆ ಹಚ್ಚಿದೆ, ಎಸರಿಟ್ಟೆ, ಪರಾತದಲ್ಲಿ ಹಿಟ್ಟು ಸಾಣಿಸಿದೆ. ಒಂದು ನುಸಿ ಬಂತು. ಚೀಲ ಅಷ್ಟು ದಿನ ಮ್ಯೂಸಿಯಮ್ಮಿನ ಕಪಾಟಿನಲ್ಲಿತ್ತು, ಅವರದೇ ಇರಬೇಕು. ಸುಮಿ ಇನ್ನೂ ಮಲಗಿದ್ದಳು, ಡಾಕ್ಟರು ಅಂಗಳ ದಾಟಿ ಬರುತ್ತಿದ್ದರು. ನುಸಿಯನ್ನು ಬೆರಳಿನಿಂದ ಅಂಗಳಕ್ಕೆ ಚಿಮ್ಮಿ, "ಬರ್ರಿ, ಕುಂದರ್ರಿ," ಎಂದು ಚಾಪೆ ಹಾಸಿ, ಮೊದಲ ರೊಟ್ಟಿ ಬಡಿದೆ.